ಪೂಲು ಕಾಯುವ ಗದಿಗೆಪ್ಪನ ಒಂದು ‘ಹೌದ್ರಿ’

ದಹಿಸರ ನದಿಗೆ ಎರಡು ಸ್ವಭಾವ. ಎಂಟು ತಿಂಗಳು ಅದು ಮೊಣಕಾಲು ನೆನೆಯದ ಹಳ್ಳ. ತಬೇಲೆಯ ಎಮ್ಮೆಗಳು ಅದರಲ್ಲಿ ಬಿದ್ದುಕೊಂಡು ಮೆಲುಕು ಹಾಕುತ್ತವೆ, ಹೆಂಗಸರು ಬಂಡೆಗೆ ಬಟ್ಟೆ ಬಡಿಯುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಗುಡ್ಡದಿಂದ ಕೆಂಪಗೆ ಇಳಿದು ಬಂದು, ನಾನೂ ಒಂದು ನದಿಯೇ ಎಂದು ಬೊರಿವಲಿಯ ಜನಕ್ಕೆ ನೆನಪು ಮಾಡಿಕೊಡುತ್ತದೆ. ಆ ನಾಲ್ಕು ತಿಂಗಳ ಸಲುವಾಗಿ ಹಿಂದೆ ಯಾವನೋ ಪುಣ್ಯಾತ್ಮ ಅದರ ಮೇಲೊಂದು ಕಾಲುಸೇತುವೆ ಕಟ್ಟಿಸಿದ್ದ. ಉದ್ದಕ್ಕೆ ಎರಡು ಕಬ್ಬಿಣದ ಗರ್ಡರು, ಅವುಗಳಿಗೆ ಬೋಲ್ಟು ಹಾಕಿ ಬಿಗಿದ ಅಡ್ಡತೊಲೆಗಳು, ತೊಲೆಗಳ ಮೇಲೆ ಸಾಗವಾನಿ ಹಲಗೆ, ಎರಡೂ ಬದಿಗೆ ಕೈ ಹಿಡಿಯಲು ಕಂಬಿ. ಅಷ್ಟೇ. ಮರಾಠಿ ಮಂದಿ ಅದನ್ನು ಸಾಕವ ಅನ್ನುತ್ತಿದ್ದರು. ಸ್ಟೇಷನ್ ಬಳಿಯ ಹೋಟೆಲಿನ ಮಂಗಳೂರು ಕಡೆಯವರು ಸಂಕ ಅನ್ನುತ್ತಿದ್ದರು. ಕಲ್ಲಿನ ಖಾಣಿಯ ಚಾಳಿನಲ್ಲಿದ್ದ ಬಿಜಾಪುರ ಸೀಮೆಯವರಿಗೆ ಅದು ಪೂಲು. ಯಾವ ಹೆಸರಿನಿಂದ ಕರೆದರೂ ‘ಓ’ ಅನ್ನುತ್ತಿದ್ದವನು ಮಾತ್ರ ಒಬ್ಬನೇ, ಗದಿಗೆಪ್ಪ.

ಗದಿಗೆಪ್ಪ ಇಂಡಿಯ ಕಡೆಯವನು. ಮೀಸೆ ಮೂಡುವ ಹೊತ್ತಿಗೆ ಖಾಣಿಗೆ ದುಡಿಯಲು ಬಂದು ಹದಿನೈದು ವರ್ಷ ಕಲ್ಲು ಒಡೆದ. ಬಂಡೆಗೆ ಸುತ್ತಿಗೆಯ ಒಂದು ಪೆಟ್ಟು ಕೊಟ್ಟು, ಕಿವಿಗೊಟ್ಟು, ಇದರ ಹೊಟ್ಟೆಯಲ್ಲಿ ಸೀಳು ಇದೆ, ಇದು ಗಟ್ಟಿ ಎಂದು ಹೇಳುತ್ತಿದ್ದ. ಒಡೆದು ನೋಡಿದರೆ ಅವನ ಮಾತು ಸುಳ್ಳಾದದ್ದಿಲ್ಲ. ಒಂದು ದಿನ ಸಿಡಿದ ಚೂರು ಎಡಗಣ್ಣಿಗೆ ಬಡಿದು ಆ ಕಣ್ಣು ಮಂಜಾಯಿತು, ಖಾಣಿ ಬಿಡಬೇಕಾಯಿತು. ಕಣ್ಣು ಹೋದರೂ ಕಿವಿ ಇತ್ತಲ್ಲ. ಆ ಕಿವಿಯ ಸುದ್ದಿ ಕೇಳಿ, ಸೇತುವೆಯ ಉಸ್ತುವಾರಿ ಇದ್ದ ಸರಕಾರಿ ಕಚೇರಿಯವರು ಅವನನ್ನು ಪೂಲು ಕಾಯಲು ಇಟ್ಟುಕೊಂಡರು.

ಬೆಳಕು ಹರಿಯುತ್ತಲೇ ಅವನು ಬರಿಗಾಲಲ್ಲಿ ಆ ದಂಡೆಯಿಂದ ಈ ದಂಡೆಗೆ ನಡೆಯುತ್ತಿದ್ದ. ಹಲಗೆ ಹಲಗೆಗೂ ಸುತ್ತಿಗೆಯ ಹಿಡಿಯಿಂದ ಒಂದೊಂದು ಪೆಟ್ಟು. ಠಣ್ ಅಂದರೆ ಸರಿ. ದಬ್ ಅಂದರೆ ಎಲ್ಲೋ ಏನೋ ಸಡಿಲಾಗಿದೆ. ಹದಿನೈದು ದಿನಕ್ಕೊಮ್ಮೆ ಪಾನಾ ಹಿಡಿದು ಕೆಳಗಿಳಿದು ಬೋಲ್ಟು ಬಿಗಿಯುತ್ತಿದ್ದ, ಬೇಸಿಗೆಯಲ್ಲಿ ಡಾಂಬರು ಬಳಿಯುತ್ತಿದ್ದ. ತೊಲೆಗಳಿಗೆ ವಯಸ್ಸಾಗಿತ್ತು. ಹೊಸವು ಬರುತ್ತವೆ ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಬರುವ ತನಕ ಏನು ಮಾಡುವುದು?

“ಮುದುಕಿ ಐತಿ. ಕೈ ಹಿಡದು ನಡಸಬೇಕು,” ಅನ್ನುತ್ತಿದ್ದ ಗದಿಗೆಪ್ಪ.

ಕೈ ಹಿಡಿದು ನಡೆಸುವುದೆಂದರೆ ಮಳೆಗಾಲದಲ್ಲಿ ಒಂದು ಸಲಕ್ಕೆ ಇಪ್ಪತ್ತೈದು ಜನ, ತಲೆಗೆ ಒಂದೇ ಹೊರೆ. ಬೋರ್ಡೂ ಇತ್ತು. ಲೋಕಲ್ ಹಿಡಿಯಲು ಓಡುವ ಗುಮಾಸ್ತರು ಅವನಿಗೆ ಮೂರು ಭಾಷೆಯಲ್ಲಿ ಬಯ್ಯುತ್ತಿದ್ದರು. ಒಮ್ಮೆ ಮದುವೆಯ ದಿಬ್ಬಣ ಬಂತು. ವಾಜಂತ್ರಿ, ಕುದುರೆ, ಕುದುರೆಯ ಮೇಲೆ ಬಾಸಿಂಗ ಕಟ್ಟಿದ ವರ. ಗದಿಗೆಪ್ಪ ಅಡ್ಡ ನಿಂತು ವರನನ್ನು ಇಳಿಸಿದ, ಕುದುರೆಯನ್ನು ಹಿಂದಕ್ಕೆ ಕಳಿಸಿದ, ದಿಬ್ಬಣವನ್ನು ನಾಲ್ಕು ತುಂಡು ಮಾಡಿ ದಾಟಿಸಿದ. ವರನ ಸೋದರಮಾವ ಸಿಟ್ಟಿಗೆದ್ದು, ಈ ಸಾಕವ ನಿಮ್ಮಪ್ಪನದೇನೋ ಎಂದು ಮರಾಠಿಯಲ್ಲಿ ಗದರಿದ.

“ನಮ್ಮಪ್ಪಂದ ಆಗಿದ್ರ ಬಿಡತಿದ್ದೆ,” ಅಂದ ಗದಿಗೆಪ್ಪ. “ಮಂದೀದು ಐತಿ. ಅದಕ್ಕ ಬಿಡೂದಿಲ್ಲ.”

ಆ ಮಾತು ಚಾಳಿನಲ್ಲಿ ಬಹಳ ದಿನ ಓಡಾಡಿತು. ಅವನ ಹೆಂಡತಿ ಕಾಶವ್ವ ನೀರಿನ ನಲ್ಲಿಯ ಮುಂದೆ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಗದಿಗೆಪ್ಪನಿಗೂ ಒಳಗೊಳಗೆ ಹಿಗ್ಗು. ಮನುಷ್ಯ ತನ್ನ ಒಂದು ಒಳ್ಳೆಯ ಮಾತನ್ನು ಬಹಳ ದಿನ ಮೆಲ್ಲಬಾರದು. ಹಲ್ಲಿಗೆ ಹುಳ ಬೀಳುತ್ತದೆ.

ಅವನು ದಿನಾಲೂ ಒಬ್ಬನಿಗೆ ಮಾತ್ರ ನಿಯಮ ಸಡಿಲಿಸುತ್ತಿದ್ದ. ಅವನೇ ದೂಜ. ಸ್ಟೇಷನ್ ಬಳಿಯ ಹೋಟೆಲಿಗೆ ತಬೇಲೆಯಿಂದ ಹಾಲು ಹೊರುವವನು, ನಲವತ್ತರ ಆಸುಪಾಸಿನ ಮಂಗಳೂರು ಕಡೆಯ ಆಳು. ಹೆಗಲ ಮೇಲೆ ಬಿದಿರಿನ ಅಡ್ಡೆ, ಆಚೆಗೊಂದು ಈಚೆಗೊಂದು ಹಾಲಿನ ಕ್ಯಾನು. ನಡಿಗೆ ಮಾತ್ರ ಬೆಕ್ಕಿನದು. ಮೊದಲ ದಿನ ಗದಿಗೆಪ್ಪ ಹಲಗೆಗೆ ಕಿವಿಯಿಟ್ಟು ಅವನನ್ನು ದಾಟಿಸಿ ನೋಡಿದ್ದ. ಹಲಗೆ ಮಿಸುಕಲಿಲ್ಲ. “ಎರಡೂ ತಗೊಂಡ ಹೋಗು, ನಿನ್ನ ಕಾಲಾಗ ಭಾರ ಇಲ್ಲ,” ಎಂದು ತಾನೇ ಅಪ್ಪಣೆ ಕೊಟ್ಟಿದ್ದ. ಅದಾಗಿ ನಾಲ್ಕು ವರ್ಷ.

“ಎಂತ ಗದಿಗೆಪ್ಪಣ್ಣ, ಸಂಕದ ನಾಡಿ ಹಿಡಿದಾಯ್ತಾ? ಜ್ವರ ಗಿರ ಉಂಟಾ?” ಎಂದು ದೂಜ ದಿನಾ ಕೆಣಕುತ್ತಿದ್ದ.

“ಪೂಲಿಗೇನೂ ಇಲ್ಲ. ನಿನ್ನ ಹಾಲಿಗೇ ಜ್ವರ, ಬರೇ ನೀರ ಇಳ್ಯಾಕತ್ತೈತಿ.”

“ಅದು ನದೀದು ಮಾರಾಯ್ರೆ, ಸಂಕದ ಮೇಲೆ ಬರುವಾಗ ಹಾರಿ ಬೀಳ್ತದೆ!”

ಹೀಗೆ ನಡೆದಿತ್ತು. ಐವತ್ತಾರನೆಯ ಇಸವಿಯ ಶ್ರಾವಣ ಬಂತು.

ನಾಗರ ಪಂಚಮಿಗೆ ಜೋಕಾಲಿ ಆಡದ ಹೆಣ್ಣುಮಗಳು ಬಿಜಾಪುರ ಸೀಮೆಯಲ್ಲಿಲ್ಲ. ಮದುವೆಯಾದವರು ತವರಿಗೆ ಹೋಗಬೇಕು, ಉಂಡಿ ತಿನ್ನಬೇಕು, ಗಿಡಕ್ಕೆ ಹಗ್ಗ ಕಟ್ಟಿ ಮುಗಿಲು ಮುಟ್ಟುವಂತೆ ಜೀಕಬೇಕು. ಮುಂಬೈಯಿಂದ ತವರಿಗೆ ಹೋಗುವುದು ಎಲ್ಲಿ ಬಂತು? ಖಾಣಿಯ ಚಾಳಿನ ಹೆಂಗಸರು ಪ್ರತಿ ವರ್ಷ ಅಲ್ಲಿನ ದೊಡ್ಡ ಹುಣಸೆ ಗಿಡಕ್ಕೆ ಹಗ್ಗ ಕಟ್ಟಿ ಆಸೆ ತೀರಿಸಿಕೊಳ್ಳುತ್ತಿದ್ದರು. ಆ ವರ್ಷ ಮೊದಲ ಮಳೆಯ ಗಾಳಿಗೆ ಹುಣಸೆ ಬುಡಸಮೇತ ಉರುಳಿತ್ತು.

ಪಂಚಮಿಯ ಹಿಂದಿನ ದಿನ ಮಲ್ಲವ್ವ ಪೂಲಿನ ಹತ್ತಿರ ಬಂದಳು. ಮಲ್ಲವ್ವ ಗದಿಗೆಪ್ಪನ ಸತ್ತ ಅಣ್ಣನ ಮಗಳು. ತಾಯಿಯೂ ಇರಲಿಲ್ಲ. ಗದಿಗೆಪ್ಪನೇ ಕರೆತಂದು ಸಾಕಿ, ಖಾಣಿಯಲ್ಲಿ ದುಡಿಯುವ ಹುಡುಗನಿಗೆ ಕೊಟ್ಟು ಮದುವೆ ಮಾಡಿದ್ದ. ಅದು ಮದುವೆಯಾದ ಮೊದಲ ಪಂಚಮಿ.

“ಕಾಕಾ, ಜೋಕಾಲಿ ಎಲ್ಲಿ ಕಟ್ಟೂದು?”

“ಗಿಡಾ ಬಿದ್ದೈತಲ್ಲವ್ವ. ಈ ವರ್ಷ ಇಲ್ಲ ತಗೊ.”

“ಹಂಗಂದ್ರ ಹೆಂಗ? ನನಗ ತವರಂದ್ರ ನೀನ. ನಿನ್ನ ಮನ್ಯಾಗ ಒಂದ ಜಂತಿ ಸೈತ ಇಲ್ಲ, ಬರೇ ತಗಡ. ನಿನ್ನ ಕಡೆ ಇರೂದು ಈ ಪೂಲ್ ಒಂದ. ಇದರ ತೊಲಿಗೇ ಕಟ್ಟತೀವಿ.”

“ಹುಚ್ಚೀ, ಪೂಲ್ ನಂದಲ್ಲ.”

“ದಿನಾ ‘ನನ್ನ ಪೂಲು, ನನ್ನ ಪೂಲು’ ಅಂತಿ. ಇವತ್ತ ಯಾರದಾತು?”

ಗದಿಗೆಪ್ಪ ನಕ್ಕ. ನಕ್ಕದ್ದೇ ತಪ್ಪಾಯಿತು. ದಂಡೆಗೆ ಹತ್ತಿದ ಪೂಲಿನ ತುದಿಯ ಕೆಳಗೆ ನೀರು ಬಂದಿರಲಿಲ್ಲ, ಉರುಟು ಕಲ್ಲಿನ ನೆಲ. ಕೆಳಗಿಳಿದು ಮೂರನೆಯ ತೊಲೆಗೆ ಸುತ್ತಿಗೆ ಬಡಿದ. ಮರ ಠಣ್ ಅಂದಿತು. ಬೋಲ್ಟಿನ ತಲೆ ಮಾತ್ರ ತುಕ್ಕು ತಿಂದು ಅರ್ಧವಾಗಿತ್ತು. ನೋಡಿದ. ಮೇಲಿಂದ ಬೀಳುವ ಭಾರಕ್ಕೆ ಆ ಬೋಲ್ಟು ಸಾಕು, ತೂಗಿ ಎಳೆಯುವ ಭಾರಕ್ಕೆ ಹೇಳಲು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ತಲೆಯೆತ್ತಿದರೆ ದಂಡೆಯ ಮೇಲೆ ಮಲ್ಲವ್ವ ತವರಿನ ಬಾಗಿಲಲ್ಲಿ ನಿಂತವಳ ಹಾಗೆ ನಿಂತಿದ್ದಳು.

“ಒಂದ ದಿನಾ. ಒಬ್ಬೊಬ್ಬರ ಕುಂಡ್ರಬೇಕು. ಜೋರ್ ಜೀಕಬ್ಯಾಡ್ರಿ ಮತ್ತ,” ಅಂದ.

ಪಂಚಮಿಯ ಜೋಕಾಲಿಗೆ ಹಾಗೆ ಹೇಳುವುದೂ ಒಂದೇ, ಮಳೆಗೆ ಮೆಲ್ಲಗೆ ಬಾ ಅನ್ನುವುದೂ ಒಂದೇ. ಮರುದಿನ ಒಂಬತ್ತು ಮಂದಿ ಹೆಂಗಸರು ಬಂಡಿಯ ಹಗ್ಗ ತಂದು ಕಟ್ಟಿದರು. ಇಬ್ಬಿಬ್ಬರು ಎದುರುಬದುರು ನಿಂತು, ಸೀರೆಯ ಕಚ್ಚೆ ಬಿಗಿದು, ಹಾಡುತ್ತ ಜೀಕಿದರು. ಮಲ್ಲವ್ವನ ಪಾದ ನದಿಯ ಮೇಲೆ ಹೋಗಿ ಹೋಗಿ ಬರುತ್ತಿತ್ತು. ಕಾಶವ್ವ ಹುರಿದ ಜೋಳದ ಅಳ್ಳು, ಶೇಂಗಾದ ಉಂಡಿ ಹಂಚಿದಳು. ದಂಡೆಯ ಮೇಲೆ ಕೂತ ಗದಿಗೆಪ್ಪನ ಕಿವಿಗೆ ಹಾಡಿನ ನಡುವೆ ಒಂದು ಸಣ್ಣ ಸದ್ದು ಬಿತ್ತು. ಕಿರ್. ಮತ್ತೊಮ್ಮೆ ಕಿರ್. ಕಲ್ಲಿನ ಹೊಟ್ಟೆಯ ಸೀಳು ಕೇಳುವ ಕಿವಿ ಅದು. ಅಂದು ಮಾತ್ರ ಅವನು ಹಾಡು ಕೇಳಿದ, ಸದ್ದು ಕೇಳಲಿಲ್ಲ.

ಅದೇ ಸಂಜೆ ಮಳೆ ಹಿಡಿಯಿತು. ಎಂಟು ದಿನ ಬಿಡಲಿಲ್ಲ. ನದಿ ಏರಿ ದಂಡೆಯ ಕಡೆಯ ಕಲ್ಲುನೆಲಕ್ಕೂ ನುಗ್ಗಿತು, ಕೆಳಗಿಳಿದು ಬೋಲ್ಟು ನೋಡುವ ದಾರಿ ಇಲ್ಲವಾಯಿತು. ಮೇಲಿನಿಂದ ಬಡಿದರೆ ಮೂರನೆಯ ತೊಲೆಯ ಹಲಗೆ ದಬ್ ಅನ್ನುತ್ತಿತ್ತು. ಅನುಮಾನ ಬಂದರೆ ಬಿದಿರು ಅಡ್ಡ ಕಟ್ಟಿ ಪೂಲು ಮುಚ್ಚಬೇಕು, ಕಚೇರಿಗೆ ಚೀಟಿ ಕಳಿಸಬೇಕು. ಗದಿಗೆಪ್ಪ ಒಂದು ಬೆಳಗ್ಗೆ ಬಿದಿರು ಎತ್ತಿಯೂ ಎತ್ತಿದ. ಚೀಟಿ ಹೋದರೆ ಓವರ್ಸಿಯರ್ ಬರುತ್ತಾನೆ. ಹದಿನೈದು ದಿನದ ಹಿಂದೆ ಬಿಗಿದ ಬೋಲ್ಟು ಇಷ್ಟರಲ್ಲೇ ಹೇಗೆ ಸಡಿಲಾಯಿತು ಎಂದು ಕೇಳುತ್ತಾನೆ. ತೊಲೆಯ ಮೇಲೆ ಹಗ್ಗ ಉಜ್ಜಿದ ಗುರುತು ನೋಡುತ್ತಾನೆ. ಮಂದಿಯ ಪೂಲಿಗೆ ಮಗಳ ಜೋಕಾಲಿ ಕಟ್ಟಿಸಿದವನು ಎಂದಾಗುತ್ತದೆ. ನೀರು ಇಳಿಯಲಿ, ನಾನೇ ಬಿಗಿಯುತ್ತೇನೆ, ಎರಡು ದಿನದ ಮಾತು ಎಂದುಕೊಂಡು ಬಿದಿರನ್ನು ಮತ್ತೆ ನೆಲಕ್ಕೆ ಇಟ್ಟ.

ಒಂಬತ್ತನೆಯ ದಿನ ನೀರು ಇಳಿಯಿತು. ಇನ್ನೇನು ಪಾನಾ ಹಿಡಿದು ಕೆಳಗಿಳಿಯಬೇಕು, ಅಷ್ಟರಲ್ಲಿ ಆ ತುದಿಯಿಂದ ದೂಜ ಬರುತ್ತಿದ್ದ. ‘ನಿಲ್ಲು’ ಅನ್ನಬೇಕೆಂದು ಗದಿಗೆಪ್ಪ ಬಾಯಿ ತೆರೆದ. ನಾಲ್ಕು ವರ್ಷ ದಾಟಿದವನು, ಇನ್ನೊಂದು ಸಲ ದಾಟಿಯಾನು ಅನ್ನಿಸಿತು. ದೂಜನ ಕಾಲು ಮೂರನೆಯ ತೊಲೆಗೆ ಬಂದದ್ದೇ ತೊಲೆಯ ತುದಿ ಗರ್ಡರಿನಿಂದ ಕಳಚಿತು. ಹಲಗೆಗಳು ಬಾಯಿ ಬಿಟ್ಟವು. ದೂಜ, ಅಡ್ಡೆ, ಎರಡು ಕ್ಯಾನು ಒಟ್ಟಿಗೆ ಕೆಳಗಿನ ಕಲ್ಲಿನ ಮೇಲೆ ಬಿದ್ದವು. ಹಾಲು ಕಲ್ಲುಗಳ ನಡುವೆ ಹರಿದು ಕೆಂಪು ನೀರಿಗೆ ಸೇರಿತು. ಗದಿಗೆಪ್ಪನೇ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ. ಬಲಗಾಲು ಎರಡು ಕಡೆ ಮುರಿದಿತ್ತು.

ಮೂರು ದಿನದ ಮೇಲೆ ಓವರ್ಸಿಯರ್ ಜಯಸಿಂಹ ಬಂದ. ಮೈಸೂರು ಕಡೆಯ ಸಾಧು ಮನುಷ್ಯ. ಈ ಊರಲ್ಲಿ ಕನ್ನಡ ಆಡಲು ಒಬ್ಬ ಸಿಕ್ಕ ಎಂದು ಗದಿಗೆಪ್ಪನ ಮೇಲೆ ಅಭಿಮಾನ ಅವನಿಗೆ. ಅಷ್ಟರಲ್ಲಿ ನದಿ ಮತ್ತೊಮ್ಮೆ ಏರಿ ಇಳಿದು, ನೇತಾಡುತ್ತಿದ್ದ ತೊಲೆ ನೀರಿನಲ್ಲಿ ಹೋಗಿತ್ತು. ಅದರ ಜಾಗಕ್ಕೆ ಗದಿಗೆಪ್ಪ ಬೇರೆ ತೊಲೆ ಹಾಕಿಯೂ ಆಗಿತ್ತು.

“ನಿಮ್ಮಂಥೋರು ನೋಡ್ಕೊಳ್ತಿರೋವಾಗ ಹೀಗಾಯ್ತಲ್ರೀ ಗದಿಗೆಪ್ಪನೋರೆ,” ಎಂದ ಜಯಸಿಂಹ, ಕಾಗದ ಬಿಚ್ಚುತ್ತ. “ಅವನು ಎರಡು ಕ್ಯಾನು ಹೊತ್ತಿದ್ನಂತೆ? ತಲೆಗೆ ಒಂದೇ ಹೊರೆ ಅಂತ ಬೋರ್ಡೇ ಇದೆಯಲ್ಲ?”

ಗದಿಗೆಪ್ಪನಿಗೆ ಒಂದು ಕ್ಷಣ ಸಿಕ್ಕಿತು. ಬಹಳ ದೊಡ್ಡ ಕ್ಷಣವೇ. ಜೋಕಾಲಿಯ ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ಕೂತಿತು.

“ಹೌದ್ರಿ,” ಅಂದ.

ಸುಳ್ಳಲ್ಲ. ದೂಜ ಎರಡು ಕ್ಯಾನು ಹೊತ್ತಿದ್ದು ದಿಟ. ಜಯಸಿಂಹ ಅಷ್ಟನ್ನೇ ಬರೆದುಕೊಂಡು, ಚಹಾ ಕುಡಿದು, ಇವನ ಬೆನ್ನು ತಟ್ಟಿ ಹೋದ. ಗದಿಗೆಪ್ಪನ ಕೆಲಸ ಉಳಿಯಿತು. ದೂಜನಿಗೆ ಒಂದು ಹೆಸರು ಅಂಟಿತು, ಪೂಲು ಮುರಿದ ದೂಜ. ಕಾಯಿಪಲ್ಲೆಯವರು, ಗುಮಾಸ್ತರು, ತಬೇಲೆಯವರು ಎಲ್ಲರ ಬಾಯಲ್ಲೂ ಅದೇ. ನಿಯಮ ಮುರಿದವನು, ಕುಂಟಾದವನು ನಮಗೇಕೆ ಎಂದು ಹೋಟೆಲಿನವನು ಕೈಬಿಟ್ಟ. ಗದಿಗೆಪ್ಪ ಒಮ್ಮೆ ರೊಟ್ಟಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲವರೆಗೂ ಹೋದ. ಒಳಗಿನಿಂದ ದೂಜನ ನಗು ಕೇಳಿಸಿತು, ಯಾರಿಗೋ ಏನೋ ತಮಾಷೆ ಹೇಳುತ್ತಿದ್ದ. ರೊಟ್ಟಿಯನ್ನು ಪಹರೆಯವನಿಗೆ ಕೊಟ್ಟು ಹಿಂತಿರುಗಿದ. ಮತ್ತೆ ಹೋಗಲಿಲ್ಲ. ಆಮೇಲೆ ದೂಜ ಬೈಕುಲ್ಲಾಕ್ಕೆ ಹೋದನೆಂದು ಸುದ್ದಿ ಬಂತು.

ಪೂಲಿನ ಮೇಲೆ ಗದಿಗೆಪ್ಪ ಮೊದಲಿಗಿಂತ ಕಟ್ಟುನಿಟ್ಟಾದ. ಇಪ್ಪತ್ತೈದು ಇದ್ದದ್ದು ಹದಿನೈದಾಯಿತು. ಎರಡು ಚೀಲ ಹಿಡಿದವನ ಒಂದು ಚೀಲ ತಾನೇ ಹೊತ್ತು ದಾಟಿಸುತ್ತಿದ್ದ. ಜನ ಮೆಚ್ಚಿದರು. ಅವರು ಮೆಚ್ಚಿದಷ್ಟೂ ಅವನ ಊಟ ಕಡಿಮೆಯಾಯಿತು.

ವರ್ಷ ಸುತ್ತಿತು. ಇಂಡಿ, ಬಿಜಾಪುರ ಎಲ್ಲ ಮೈಸೂರು ರಾಜ್ಯಕ್ಕೆ ಹೋದವು. ಬೊರಿವಲಿ ಮುಂಬೈ ನಗರಕ್ಕೆ ಸೇರಿತು, ಹಳೆಯ ಕಚೇರಿಯ ಬೋರ್ಡು ಇಳಿಯಿತು. ಜಯಸಿಂಹನಿಗೆ ಪುಣೆಗೆ ವರ್ಗವಾಯಿತು. ಮತ್ತೆ ಪಂಚಮಿ ಬಂತು. ಮಲ್ಲವ್ವನೂ ಬಂದಳು, ಬಗಲಲ್ಲಿ ಕೂಸು.

“ಕಾಕಾ, ಹೋದ ವರ್ಷದಂಗ ಇಲ್ಲೇ ಕಟ್ಟೂಣಲ್ಲ?”

“ಕಟ್ಟು! ಕಟ್ಟು! ಇನ್ನೊಬ್ಬನ್ನ ಕೆಡವೂಣು!” ಗದಿಗೆಪ್ಪ ಕೂಗಿದ ಪರಿಗೆ ಕೂಸು ಬೆಚ್ಚಿ ಅಳತೊಡಗಿತು. ಅವನೂ ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದ. ತುಕ್ಕು ಹಿಡಿದ ಬೋಲ್ಟು, ಕಿರ್ ಅಂದ ಸದ್ದು, ಎತ್ತಿ ಕೆಳಗಿಟ್ಟ ಬಿದಿರು, ಹೌದ್ರಿ.

ಮಲ್ಲವ್ವ ಬೆನ್ನು ತಟ್ಟಿ ಕೂಸನ್ನು ಸಂತೈಸಿದಳು.

“ನನ್ನ ಜೋಕಾಲಿ ಅಂವನ ಕಾಲ ತಗೊಂತು,” ಅಂದಳು. “ನೀ ಅಂವನ ಹೆಸರ ತಗೊಂಡಿ. ಕಾಲಿಂದು ನನಗ ತಿಳೀಲಿಲ್ಲ. ಹೆಸರಿಂದು ನಿನಗ ತಿಳಿದಿತ್ತಲ್ಲ ಕಾಕಾ? ಹೇಳಿದ್ರ ನಾನೂ ನಿನ್ನ ಜೋಡಿ ಬಂದು ಸಾಹೇಬನ ಮುಂದ ನಿಂದರತಿದ್ದೆ.”

ಉಂಡಿ ಕಟ್ಟಿ ಕೈಗೆ ಕೊಟ್ಟು ಅವಳೇ ಅವನನ್ನು ಲೋಕಲ್ ಹತ್ತಿಸಿದಳು.

ಬೈಕುಲ್ಲಾದ ತರಕಾರಿ ಮಾರ್ಕೆಟಿನ ಮಗ್ಗುಲಲ್ಲಿ ಒಂದು ಸಣ್ಣ ಖಾನಾವಳಿ. ಅದರ ಹಿಂಬಾಗಿಲಲ್ಲಿ ದೂಜ ಗೋಣಿಚೀಲದ ಮೇಲೆ ಕೂತು ಉಳ್ಳಾಗಡ್ಡಿ ಸುಲಿಯುತ್ತಿದ್ದ. ಬಲಗಾಲು ಪಕ್ಕಕ್ಕೆ ಬೇರೆಯವರದ್ದೆಂಬಂತೆ ಚಾಚಿಕೊಂಡಿತ್ತು.

“ಓಹೋ, ಗದಿಗೆಪ್ಪಣ್ಣ! ಕೂತ್ಕೊಳ್ಳಿ. ಕಣ್ಣೀರು ಬಂದ್ರೆ ನಂಗೆ ಹೇಳ್ಬೇಡಿ, ಎಲ್ಲ ನೀರುಳ್ಳೀದು.”

ಗದಿಗೆಪ್ಪ ನಿಂತೇ ಹೇಳಿದ, ತಡವರಿಸಿ, ಹಿಂದುಮುಂದಾಗಿ. ದೂಜನ ಕೈ ನಿಲ್ಲಲಿಲ್ಲ. ಇವನ ಮಾತು ಮುಗಿದ ಮೇಲೆ ಒಂದು ಗಡ್ಡೆ ಸುಲಿದು ಬುಟ್ಟಿಗೆ ಹಾಕಿದ.

“ನಂಗೆ ಗೊತ್ತುಂಟು.”

“ಹೆಂಗ?”

“ನಾನು ಬಿದ್ದದ್ದು ಅಂಗಾತ. ಅಂಗಾತ ಬಿದ್ದವನಿಗೆ ಎಂತ ಕಾಣ್ತದೆ? ಆಕಾಶ, ಮತ್ತೆ ನಿಮ್ಮ ತೊಲೆ. ಒಂದು ತುದಿ ನೇತಾಡ್ತಿತ್ತು. ಹಗ್ಗ ಉಜ್ಜಿದ ಗುರುತು ಎರಡು ಕಡೆ ಹೊಳೀತಿತ್ತು. ಪಂಚಮಿ ದಿನ ನಿಮ್ಮ ಹುಡುಗಿಯರು ಜೀಕುದನ್ನು ನಾನೂ ನೋಡಿದ್ದೆ. ಚಂದ ಕಾಣ್ತಿತ್ತು ಮಾರಾಯ್ರೆ.”

“ಮತ್ತ ಯಾಕ ಹೇಳಲಿಲ್ಲೋ ದೂಜ?”

“ಹೇಳಿದ್ರೆ? ಹೆಂಗಸರು ಜೋಕಾಲಿ ಆಡಿ ಸಂಕ ಮುರಿದ್ರು ಅಂತ ಆ ಹುಡುಗಿಯ ಹೆಸರು ಊರೆಲ್ಲ ಆಗ್ತಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ಆಸ್ಪತ್ರೇಲಿ ಇದ್ದಷ್ಟು ದಿನ ಬಾಗಿಲು ನೋಡಿದೆ.” ಅವನ ದನಿ ಅಲ್ಲಿ ಸ್ವಲ್ಪ ಒರಟಾಯಿತು. “ಈಗ ನಂಗೆ ಹೇಳಿ ಎಂತ ಮಾಡುದು? ಗೊತ್ತಿರುವವನು ನಾನೊಬ್ಬ. ನಂಗೇ ಬಂದು ಹೇಳ್ತೀರಿ. ಬರೆದದ್ದು ಎಲ್ಲಿ ಉಂಟೋ ಅಲ್ಲಿ ಹೇಳಿ. ನನ್ನನ್ನು ಸಂಕ ಮುರಿದವ ಅಂದವರಿಗೆ ಹೇಳಿ.”

ಉಂಡಿಯನ್ನು ಮಾತ್ರ ತೆಗೆದುಕೊಂಡ. “ಹುಡುಗಿ ಕೊಟ್ಟದ್ದಲ್ವಾ,” ಅಂದ.

ಗದಿಗೆಪ್ಪ ಮರುದಿನವೇ ಹೊಸ ಕಚೇರಿಗೆ ಹೋದ. ಅಲ್ಲಿನ ಗುಮಾಸ್ತ ಒಳ್ಳೆಯವನೇ, ಕೂರಿಸಿ ಕೇಳಿದ. ಹಳೆಯ ಗಂಟುಗಳ ನಡುವೆ ಅರ್ಧ ದಿನ ಹುಡುಕಿಯೂ ನೋಡಿದ. ಆ ಕಾಗದ ಸಿಗಲಿಲ್ಲ. ಹೊಸದಾಗಿ ಬರೆದುಕೊಳ್ಳಿ ಸಾಹೇಬ್ರ, ತಪ್ಪು ನಂದು, ಏನ್ ಶಿಕ್ಷಾ ಕೊಡತೀರಿ ಕೊಡ್ರಿ ಎಂದು ಗದಿಗೆಪ್ಪ ಕೈಮುಗಿದ. ಇಲ್ಲದ ಕಾಗದಕ್ಕೆ ಏನೆಂದು ತಿದ್ದುಪಡಿ ಬರೆಯಲಿ ಬಾಬಾ ಎಂದ ಗುಮಾಸ್ತ. ಹೇಗೂ ಅಲ್ಲಿ ಸಿಮೆಂಟಿನ ಹೊಸ ಸೇತುವೆ ಬರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನವನ್ನೂ ಹೇಳಿದ. ಗದಿಗೆಪ್ಪನಿಗೆ ಬೇಕಾಗಿದ್ದದ್ದು ಬೈಗುಳ. ಸಿಕ್ಕಿದ್ದು ಸಮಾಧಾನ.

ಉಳಿದದ್ದು ದೂಜ ಹೇಳಿದ ಇನ್ನೊಂದು ದಾರಿ. ಅಂದಿನಿಂದ ಗದಿಗೆಪ್ಪ ಪೂಲಿನ ಬಾಯಲ್ಲಿ ನಿಂತು ದಾಟುವವರಿಗೆಲ್ಲ ಹೇಳತೊಡಗಿದ. ಅರ್ಧ ಕನ್ನಡ, ಅರ್ಧ ಮರಾಠಿ. ದೂಜ ಮುರಿಯಲಿಲ್ಲ, ನಾನು ಮುರಿದೆ, ಜೋಕಾಲಿ ಕಟ್ಟಿಸಿದವನು ನಾನು. ತಬೇಲೆಯ ಹಳೆಯ ಇಬ್ಬರು ನಿಂತು ಕೇಳಿ, ತಲೆಯಾಡಿಸಿ, “ಹೋಗಲಿ ಬಿಡು, ಆದದ್ದಾಯಿತು” ಅಂದರು. ಕಾಯಿಪಲ್ಲೆಯ ಮುದುಕಿಯೊಬ್ಬಳು ಅಯ್ಯೋ ಪಾಪ ಅಂದಳು. ಯಾರಿಗೆ ಅಂದಳೋ ತಿಳಿಯಲಿಲ್ಲ. ಉಳಿದವರೆಲ್ಲ ಹೊಸಬರು. ಆ ಒಂದೇ ವರ್ಷದಲ್ಲಿ ನದಿಯ ಆಚೆ ಎಷ್ಟೋ ಬಿಲ್ಡಿಂಗು ಎದ್ದಿದ್ದವು, ಎಷ್ಟೋ ಸಂಸಾರ ಬಂದಿದ್ದವು. ಅವರು ದೂಜನನ್ನು ಕಂಡವರಲ್ಲ, ಆ ಅಡ್ಡಹೆಸರು ಕೇಳಿದವರೂ ಅಲ್ಲ. ಕಾವಲಿನ ಮುದುಕನಿಗೆ ತಲೆ ಸರಿಯಿಲ್ಲ ಎಂದು ತಮ್ಮಲ್ಲಿ ಆಡಿಕೊಂಡು ದಾಟುತ್ತಿದ್ದರು.

ಒಂದು ಬೆಳಗ್ಗೆ ಊಟದ ಡಬ್ಬಿ ಹಿಡಿದ ಗುಮಾಸ್ತನೊಬ್ಬ ನಡುವೆ ನಿಂತ. ಕನ್ನಡದವನೇ, ಧಾರವಾಡದ ಕಡೆಯ ಮಾತು.

“ಯಾವ ದೂಜರೀ ಯಜಮಾನ್ರ?” ಅಂದ.

ಗದಿಗೆಪ್ಪನಿಗೆ ಮೈಯೆಲ್ಲ ಕಿವಿಯಾದಂತಾಯಿತು. ವರ್ಷದ ಮೇಲೆ ಮೊದಲ ಸಲ ಒಬ್ಬ ಕೇಳಿದ್ದ. ಕಂಬಿಗೆ ಒರಗಿ ಗಂಟಲು ಸರಿಮಾಡಿಕೊಂಡು, “ಹಾಲು ಹೊರತಿದ್ನರಿ, ಹೆಗಲ ಮ್ಯಾಲ ಎರಡೂ ಕ್ಯಾನ್, ಅಪ್ಪಣಿ ಕೊಟ್ಟಂವ ನಾನ...” ಎಂದು ಶುರು ಮಾಡಿದ. ಅಷ್ಟರಲ್ಲಿ ಸ್ಟೇಷನ್ ಕಡೆ ಲೋಕಲ್ ಬರುವ ಸದ್ದಾಯಿತು. ಗುಮಾಸ್ತ ಡಬ್ಬಿಯನ್ನು ಎದೆಗವಚಿಕೊಂಡು, “ನಾಳೆ ಹೇಳ್ರಿ, ನಾಳೆ ಕೇಳ್ತೀನಿ,” ಎನ್ನುತ್ತ ಓಡಿದ.

ಗದಿಗೆಪ್ಪ ಮರುದಿನ ಕಾದ. ಆ ಗುಮಾಸ್ತ ಬಂದ. ತಡವಾಗಿತ್ತು, ಕೈಯೆತ್ತಿ ನಮಸ್ಕಾರ ಮಾಡಿ ಓಡಿದ.